ಗೋಧಿ ಹೊಲಕ್ಕೆ ಬೆಂಕಿ ಇಟ್ಟವಳು

ಎಂಟು ಹೆಣ್ಣು ನೋಡಿದ್ದೆ. ಎಂಟು ಮನೆಯಲ್ಲೂ ಉಪ್ಪಿಟ್ಟು, ಕೇಸರಿಬಾತು ಚೆನ್ನಾಗಿಯೇ ಇದ್ದವು. ಉತ್ತರವೂ ಎಲ್ಲ ಕಡೆ ಒಂದೇ: ಹುಡುಗ ಒಳ್ಳೆಯವನು, ಆದರೆ ಬೇಸಾಯ. ಮದ್ದೂರಿನ ಹತ್ತಿರ, ಶಿವಪುರದಿಂದ ಒಳಕ್ಕೆ ನಮ್ಮೂರು. ಕಬ್ಬು, ಭತ್ತ, ಬದುವಿನ ಮೇಲೆ ಒಂದಿಷ್ಟು ತೆಂಗು. ಬಿ.ಎ. ಓದಿದ್ದೇನೆ, ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇರುವುದು ಒಂದೇ ಚಟ, ಅದನ್ನು ಯಾವ ಹೆಣ್ಣಿನ ಮನೆಯಲ್ಲೂ ಹೇಳುವಂತಿರಲಿಲ್ಲ. ಕಂಪ್ಯೂಟರಿನಲ್ಲಿ ಗೇಮ್ ಆಡುತ್ತೇನೆ.

ಎಲ್ಲ ಗೇಮೂ ಅಲ್ಲ, ಒಂದೇ ಒಂದು ಸರಣಿ. ಅದರ ಒಂದೊಂದು ಭಾಗಕ್ಕೂ ಒಂದೊಂದು ದೇಶ, ಒಂದೊಂದು ಹಳೆಯ ಕಾಲ. ಒಂದರಲ್ಲಿ ಇಟಲಿಯ ಪಟ್ಟಣಗಳ ಮಾಳಿಗೆಯಿಂದ ಮಾಳಿಗೆಗೆ ನೆಗೆಯಬೇಕು, ಒಂದರಲ್ಲಿ ಕಡಲ್ಗಳ್ಳರ ಹಡಗು, ಇನ್ನೊಂದರಲ್ಲಿ ಗ್ರೀಸಿನ ದ್ವೀಪಗಳು. ಕತೆ ಇದ್ದರೂ ಅದರ ಬಾಲ ಹಿಡಿದೇ ಹೋಗಬೇಕೆಂದಿಲ್ಲ. ಇಡೀ ದೇಶ ತೆರೆದು ಬಿದ್ದಿರುತ್ತದೆ, ಎತ್ತ ಬೇಕಾದರೂ ಅಲೆಯಬಹುದು. ಈ ಸರಣಿಯಲ್ಲಿ ನನ್ನ ಲೆಕ್ಕಕ್ಕೆ ಈಜಿಪ್ಟನ್ನು ಮೀರಿಸಿದ್ದು ಇಲ್ಲ. ಅಲ್ಲಿ ನದಿ ಇದೆ, ನಾಲೆ ಇದೆ, ಹೊಲ ಇದೆ. ಏತದಿಂದ ನೀರೆತ್ತುತ್ತಿದ್ದ ಒಬ್ಬ ರೈತನನ್ನು ಕುದುರೆ ನಿಲ್ಲಿಸಿ ಅರ್ಧ ಗಂಟೆ ನೋಡಿದ್ದೇನೆ. ಅಷ್ಟು ಹೊತ್ತು ಎತ್ತಿದರೂ ಪುಣ್ಯಾತ್ಮನ ಒಂದು ಮಡಿಯೂ ನೆನೆಯಲಿಲ್ಲ. ನೀರು ತಿರುಗಿಸಲು ಬಾರದವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬುದ್ಧಿ ಹೇಳೋಣವೆಂದರೆ ಅವನನ್ನು ಮಾತಾಡಿಸಲು ಆ ಗೇಮಿನಲ್ಲಿ ಗುಂಡಿಯೇ ಇರಲಿಲ್ಲ.

ಒಂಬತ್ತನೆಯ ಹೆಣ್ಣು, ಮಳವಳ್ಳಿಯ ಆಚೆ ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನವಳು. ಅಪ್ಪನಿಗೆ ಅಲ್ಲೇ ನೀರಿನಿಂದ ಕರೆಂಟು ತಯಾರಿಸುವ ಕಡೆ ಕೆಲಸ, ಇರುವುದು ಅದರ ಕ್ವಾರ್ಟರ್ಸಿನಲ್ಲಿ, ಅವಳು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಡಂ. ನಿಜ ಹೇಳಬೇಕೆಂದರೆ ಹುಡುಗಿಗಿಂತ ಮೊದಲು ನನಗೆ ಆ ಊರಿನ ಮೇಲೆ ಮನಸ್ಸಾಗಿತ್ತು. ಕೋಟೆಯೊಂದನ್ನು ಇನ್ನೇನು ಗೆಲ್ಲಬೇಕು ಎನ್ನುವಾಗ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಿದವನಿಗೆ ಮಾತ್ರ ಆ ಊರಿನ ಬೆಲೆ ಗೊತ್ತು.

ಹೋದದ್ದು ಸೋದರಮಾವನ ಕಾರಿನಲ್ಲಿ. ನಮ್ಮಪ್ಪ ಹೊಸಬರೆದುರು ಬಾಯಿ ಬಿಡುವವನಲ್ಲ, ಹಾಗಾಗಿ ಎಂಟು ಸಲವೂ ಮಾವನೇ ಮುಂದಾಳು. ಬೆಳಕವಾಡಿ ದಾಟುತ್ತಿದ್ದಂತೆ ಅವನು ಪಾಠ ಶುರುಮಾಡಿದ.

“ನೋಡ್ಲಾ, ಈ ಸಲ ನೀನು ಒಲ, ಗೊಬ್ರ ಅಂತ ಬಾಯ್ ಬುಡಬ್ಯಾಡ. ಜಮೀನ್ನ ಗುತ್ತಿಗೆಗೆ ಕೊಟ್ಬುಟ್ಟು ಮೈಸೂರಲ್ಲಿ ಕೆಲ್ಸಕ್ಕೆ ಸೇರ್ತಾನೆ ಅಂತ ಏಳ್ತೀನಿ. ನೀನು ತಲೆ ಆಡ್ಸು, ಸಾಕು.”

“ಸುಳ್ಳಲ್ವಾ ಮಾವ?”

“ಸಾವಿರ ಸುಳ್ಳೇಳಿ ಒಂದು ಮದ್ವೆ ಮಾಡು ಅಂದವ್ರೆ. ನಾನು ಏಳ್ತಿರೋದು ಒಂದೇ ಕಣ್ಲಾ.”

ಅವರ ಮನೆಯಲ್ಲಿ ಕುಳಿತು ಹಾಗೇ ಹೇಳಿದ. ನಾನೂ ತಲೆ ಆಡಿಸಿದೆ. ಹುಡುಗಿಯ ಅಪ್ಪನ ಮುಖ ಅರಳಿತು. ತಿಂಡಿ ಮುಗಿದ ಮೇಲೆ ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿತ್ತಲಿನ ಸೀಬೆ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು.

“ಬಿಡುವಾದಾಗ ಏನ್ ಮಾಡ್ತೀರಿ?” ಎಂದು ಅವಳೇ ಕೇಳಿದಳು.

“ಪೇಪರ್ ಓದ್ತೀನಿ.”

“ನಾನು ಗೇಮ್ ಆಡ್ತೀನಿ,” ಎಂದಳು, ಒಂದಿಷ್ಟೂ ಅಳುಕದೆ. “ಒಂದೊಂದು ದೇಶದ ಹಳೇ ಕಾಲದ್ದು ಒಂದೊಂದು ಬರುತ್ತಲ್ಲ, ಅದು. ಗ್ರೀಸಿಂದು ಎರಡು ಸಲ ಮುಗಿಸಿದ್ದೀನಿ.”

ಮಾವನ ಪಾಠವೆಲ್ಲ ಅಲ್ಲೇ ಮರೆತುಹೋಯಿತು.

“ಗ್ರೀಸಾ? ಈಜಿಪ್ಟ್ ಮುಂದೆ ಅದ್ರಲ್ಲೇನೈತ್ರೀ? ಅರ್ಧ ಆಟ ಸಮುದ್ರದಲ್ಲೇ ಕಳ್ದೋಯ್ತದೆ.”

“ನಿಮ್ಮ ಈಜಿಪ್ಟಲ್ಲಿ ಅರ್ಧ ಆಟ ಮರಳಲ್ಲೇ ಕಳೆದೋಗುತ್ತೆ,” ಎಂದಳು. “ಗ್ರೀಸಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ನಾವೇ ಆರಿಸ್ಕೋಬೋದು. ಈಜಿಪ್ಟಲ್ಲಿ ಎಲ್ಲಾ ಆ ಹೀರೋನೇ ಮಾತಾಡ್ತಾನೆ, ನಾವು ಸುಮ್ನೆ ಕೇಳಿಸ್ಕೊಂಡು ಕೂತಿರ್ಬೇಕು.”

ಬೆಳಗಿನಿಂದ ಅದನ್ನೇ ಮಾಡುತ್ತಿದ್ದ ನನಗೆ ಈ ಮಾತು ಸರಿಯಾಗಿ ನಾಟಿತು. ಬೇರೆ ದಾರಿ ಕಾಣದೆ, ನದಿಯ ಚೆಂದ ನೋಡಿ, ಸಂತೆ ನೋಡಿ ಎಂದು ಈಜಿಪ್ಟಿನ ಪರವಾಗಿ ವಾದಕ್ಕಿಳಿದೆ. ಅವಳು ಪರೀಕ್ಷೆಯಲ್ಲಿ ನಕಲು ಹೊಡೆದವನನ್ನು ನೋಡುವ ಹಾಗೆ ನೋಡುತ್ತ, “ಅದನ್ನ ಮುಗಿಸೋಕೆ ಎಷ್ಟು ಗಂಟೆ ಹಿಡೀತು?” ಎಂದಳು.

“ಇನ್ನೂರು.”

“ಇನ್ನೂರಾ! ನಾನು ಎಂಬತ್ತರಲ್ಲಿ ಮುಗಿಸ್ದೆ.”

ಆಗ ಗುಟ್ಟು ಬಿಚ್ಚಬೇಕಾಯಿತು. ಗೋಧಿ ತೆನೆ ಬಿಟ್ಟು ನಿಂತಿರುವಾಗ ಅದರ ಮೇಲೆ ಕುದುರೆ ಓಡಿಸಲು ನನಗೆ ಕೈ ಬರುವುದಿಲ್ಲ. ಬದುವಿನ ಮೇಲೇ ಸುತ್ತಿಕೊಂಡು ಹೋಗುತ್ತೇನೆ. ಕಾವಲುಗಾರರಿಂದ ತಪ್ಪಿಸಿಕೊಳ್ಳಲು ಪೈರಿನೊಳಗೆ ಅಡಗಬೇಕೆಂಬುದು ಆಟದ ನಿಯಮ. ಬೆಳೆ ತುಳಿಯಬಾರದೆಂದು ನಾನು ಬದುವಿನ ಮೇಲೆ ಕಂಬದ ಹಾಗೆ ನಿಂತಿರುತ್ತೇನೆ, ಅವರು ಬಂದು ಚಚ್ಚಿಹಾಕುತ್ತಾರೆ. ಒಂದೊಂದು ಕೋಟೆಗೂ ಹತ್ತು ಹದಿನೈದು ಸಲ ಸತ್ತಿದ್ದೇನೆ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ಖುಷಿಯಾಯಿತು. ಎಂಟು ಮನೆಯಲ್ಲಿ ಯಾರೂ ನನ್ನೆದುರು ಹೀಗೆ ನಕ್ಕಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

“ನಾನೇನು ಮಾಡ್ತಿದ್ದೆ ಗೊತ್ತಾ?” ಎಂದಳು. “ಕೋಟೆ ಸುತ್ತ ಒಣಗಿದ ಗೋಧಿ ಇರುತ್ತಲ್ಲ, ಅದಕ್ಕೆ ಒಂದು ಬೆಂಕಿ ಬಾಣ ಬಿಡೋದು. ಹೊಲ ಪೂರ್ತಿ ಹತ್ಕೊಳ್ಳುತ್ತೆ. ಕಾವಲಿನವರೆಲ್ಲ ಅತ್ತ ಓಡ್ತಾರೆ, ನಾವು ಇತ್ತ ಒಳಗೆ.”

“ಬೆಂಕಿ ಇಟ್ರಾ?”

“ಹೂಂ.”

“ಬೆಳ್ದು ನಿಂತಿದ್ ಬೆಳೆಗೆ?”

“ಗೇಮ್ ರೀ ಅದು!”

“ಗೇಮಾದ್ರೇನು? ತೆನೆ ಬಲ್ತಿತ್ತು ಕಣ್ರೀ! ಇನ್ನೊಂದು ವಾರಕ್ಕೆ ಕುಯ್ಲಿತ್ತು! ಬಿತ್ತಿದೋನ ಗತಿ ಏನು?”

ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಸದ್ದಿಗೆ ಮಾವನೂ ಅವಳ ಅಪ್ಪನೂ ಹಿತ್ತಲ ಬಾಗಿಲಿಗೆ ಬಂದರು. ಅವರನ್ನು ಕಂಡಾದರೂ ಸುಮ್ಮನಾಗಬಾರದೆ? ನನ್ನ ಬಾಯಿಗೆ ಆವತ್ತು ಕಡಿವಾಣವೇ ಇರಲಿಲ್ಲ. “ಬೇಸಾಯ ಮಾಡೋನ ಕಷ್ಟ ಕ್ವಾರ್ಟ್ರಸ್ಸಲ್ಲಿ ಫ್ಯಾನ್ ಕೆಳಗೆ ಕುಂತೋರಿಗೇನ್ ಗೊತ್ತು? ನನ್ನ ಒಲಕ್ಕೆ ಯಾವನಾದ್ರೂ ಅಂಗೆ ಮಾಡಿದ್ರೆ ಬುಡ್ತಿದ್ನಾ ನಾನು?”

ಅವಳು ನಗು ನಿಲ್ಲಿಸಿದಳು. “ಜಮೀನು ಗುತ್ತಿಗೆಗೆ ಕೊಟ್ಟು ಮೈಸೂರಿಗೆ ಹೋಗ್ತೀರಂತಲ್ಲ?” ಎಂದು ಮೆಲ್ಲಗೆ ಕೇಳಿದಳು. ಮಾವ ನನ್ನ ತೋಳು ಹಿಡಿದು ಕಾರಿನ ಕಡೆ ಎಳೆದ.

ಬೆಳಕವಾಡಿ ಬಂದಾಗ ಅವನು, “ಎಲ್ಲಿತ್ಲಾ ಆ ಗೋಧಿ? ನಮ್ಮ ಕಡೆ ಗೋಧಿ ಯಾವನ್ಲಾ ಬೆಳೀತಾನೆ?” ಎಂದ.

“ಈಜಿಪ್ಟಲ್ಲಿ ಮಾವ.”

ಮಳವಳ್ಳಿಯಲ್ಲಿ ಕಾರು ನಿಲ್ಲಿಸಿ ಅವನೊಬ್ಬನೇ ಇಳಿದು ಟೀ ಕುಡಿದು ಬಂದ. ನನ್ನನ್ನು ಕರೆಯಲಿಲ್ಲ.

ಎಂಟು ಮನೆಯವರು ಬೇಡವೆಂದಾಗ ನನಗೆ ಅವಮಾನವಾಗಿತ್ತು, ದುಃಖವಾಗಿರಲಿಲ್ಲ. ಈ ಸಲ ದುಃಖವಾಯಿತು. ಕಬ್ಬಿಗೆ ನೀರು ಕಟ್ಟುವಾಗಲೂ ಅವಳ ನಗು ಕೇಳಿಸುತ್ತಿತ್ತು. ನನಗೆ ಅವಳೇ ಬೇಕಾಗಿತ್ತು, ಗೋಧಿಗೆ ಬೆಂಕಿ ಇಟ್ಟವಳಾದರೂ ಸರಿ. ಕೂಗಾಡಿದ್ದಕ್ಕಿಂತ ಹೆಚ್ಚಾಗಿ, ಆ ಸುಳ್ಳಿಗೆ ತಲೆ ಆಡಿಸಿದ್ದು ನನ್ನನ್ನು ತಿನ್ನುತ್ತಿತ್ತು. ಎರಡು ದಿನ ತಡೆದೆ. ಮೂರನೆಯ ದಿನ, ಭಾನುವಾರ, ಮಾವನಿಗೆ ಹೇಳದೆ ಬೈಕ್ ಹತ್ತಿ ಬ್ಲಫ್‌ಗೆ ಹೋದೆ.

ಅವಳ ಅಪ್ಪ ಬಾಗಿಲಲ್ಲೇ ಸಿಕ್ಕರು. ಕುಳಿತರೆ ಧೈರ್ಯ ಹೋದೀತೆಂದು ನಿಂತೇ ಹೇಳಿದೆ.

“ಸಾರ್, ಅವತ್ತು ಮಾವ ಏಳಿದ್ದು ಸುಳ್ಳು. ತಲೆ ಆಡ್ಸಿದ್ದು ನನ್ನ ತಪ್ಪು. ನಾನು ಜಮೀನು ಬುಡಾಕಿಲ್ಲ, ಮೈಸೂರಿಗೂ ಓಗಾಕಿಲ್ಲ. ನನಗೆ ಆ ಕೆಲ್ಸ ಇಷ್ಟ. ನೀವು ಬ್ಯಾಡ ಅಂದ್ರೂ ಸರಿ, ಏಳಿ ಓಗವ ಅಂತ ಬಂದೆ.”

ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. “ಅವತ್ತು ನೀವು ಅತ್ಲಾಗೆ ಓಗ್ತಿದ್ದಂಗೆ, ಬೇಸಾಯದೋರಿಗೆ ಕೊಡಾಕಿಲ್ಲ ಅಂದಿದ್ದು ನಾನೇ ಕಣಪ್ಪ. ನಾನೂ ಅಂಥ ಮನೇಲೇ ಉಟ್ಟಿದೋನು, ಅದ್ಕೇ ಅಂದೆ. ಈಗ ಅವ್ಳು ಮೂರು ದಿನದಿಂದ ನನ್ನ ಜೊತೆ ಮಾತು ಬುಟ್ಟವ್ಳೆ. ನೀನೇ ಕೇಳ್ಕೊ.”

ಅವಳು ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟು ಹಿಡಿದುಕೊಂಡೇ ಹೊರಗೆ ಬಂದಳು. ಎಲ್ಲವನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು.

“ಇವತ್ತು ನೀವು ಬರದೆ ಇದ್ದಿದ್ರೆ ನಾನೇ ಬೇಡ ಅಂತಿದ್ದೆ,” ಎಂದಳು. “ಬೇಸಾಯಕ್ಕಲ್ಲ, ಸುಳ್ಳಿಗೆ.”

“ತಪ್ಪಾಯ್ತು,” ಎಂದೆ.

ಅವಳು ಅಪ್ಪನ ಕಡೆ ನೋಡಿ, ನನ್ನ ಕಡೆ ತಿರುಗಿದಳು.

“ಈಜಿಪ್ಟೇ ಮೇಲು ಅಂತ ಮಾತ್ರ ನಾನು ಸಾಯೋವರೆಗೂ ಒಪ್ಪಲ್ಲ. ಮಿಕ್ಕಿದ್ದಕ್ಕೆಲ್ಲ ಒಪ್ಪಿಗೆ.”