ಜೆನಿಟಾ ಟೀಚರ್ ಒಪ್ಪದ ಗುಲಾಬಿ

ಗಣಿತದ ಗೈಡಿನ ಮುಖಪುಟ ಬಿಡಿಸಿದ್ದು ನಾನೇ. ಉದ್ಯಾವರದ ಹೆದ್ದಾರಿ ಬದಿಯ ನನ್ನ ಪ್ರೆಸ್ಸಿನಲ್ಲಿ ಮದುವೆ ಕಾಗದ, ಬಿಲ್ ಪುಸ್ತಕ ಬಿಟ್ಟರೆ ನನ್ನ ಕಲೆಗೆ ಅವಕಾಶವಿಲ್ಲ. ಗಣಿತದವರು ಗುಲಾಬಿ ಎಂದು ಕರೆಯುವ ರೇಖೆಯ ಸೂತ್ರ r = a cos 4θ ಎಂದು ಬರೆದು, ನಾಲ್ಕು ಉಂಟಲ್ಲ ಎಂದು ನಾಲ್ಕು ದಳದ ಕೆಂಪು ಗುಲಾಬಿ ಹಾಕಿದ್ದೆ. ಮಣಿಪಾಲದ ಟ್ಯೂಶನ್ ಕ್ಲಾಸಿನಲ್ಲಿ ಗೈಡಿನ ಮಾದರಿ ಪ್ರತಿಯನ್ನು ಹೆಮ್ಮೆಯಿಂದ ಎತ್ತಿ ಹಿಡಿದಾಗ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

"ಎಂಟು ದಳ," ಎಂದರು ಜೆನಿಟಾ ಟೀಚರ್. "ಸಮ ಸಂಖ್ಯೆಯಾದರೆ ದುಪ್ಪಟ್ಟು, ಬೆಸವಾದರೆ ಇದ್ದಷ್ಟೇ. ನೀವು ಅರ್ಧ ಹೂವು ತಂದಿದ್ದೀರಿ."

ಹೇಸಿಗೆ ಅವರ ಮುಖದ ಕಾಯಂ ಭಾವ. ಇಂಜಿನಿಯರಿಂಗ್ ಗಣಿತದಲ್ಲಿ ಫೇಲಾದವರನ್ನು ದಡ ಸೇರಿಸುವುದೇ ಅವರ ಜೀವನ. ಹಳಸಿದೆಯೋ ಎಂದು ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವ ಮುಖದಲ್ಲೇ ಉತ್ತರ ಪತ್ರಿಕೆಯನ್ನೂ ನೋಡುತ್ತಾರೆ. ನನ್ನನ್ನೂ ಹಾಗೆಯೇ. ನೆರೆಮನೆಯವನಾದ್ದರಿಂದ ನನಗೆ ಅಭ್ಯಾಸವಾಗಿದೆ.

ಕ್ಲಾಸಿನ ಯಜಮಾನ ಜಿತೇಂದ್ರ, ಟೀಚರರದೇ ಹಳೆಯ ಶಿಷ್ಯ. ಬೇರೆ ಯಾರಿಂದಲೋ ಗೈಡ್ ಬರೆಸಿದವನೂ ಅವನೇ. ಅದರ ಮೇಲೆ ಟೀಚರ ಹೆಸರಿದ್ದರೆ ಮಾತ್ರ ಮುಂದಿನ ಸೆಮಿಸ್ಟರಿಗೆ ಅವರಿಗೆ ಕೆಲಸ ಎಂದಿದ್ದ. ಟೀಚರ್ ಒಳಗಿನ ಪುಟ ತಿರುಗಿಸಿದರು. ಮೂಗು ಸೊಟ್ಟಗಾಯಿತು.

"ಇದು ಎಂತ ಜಿತೇಂದ್ರಾ? ಮೂರು ದಳದ ಗುಲಾಬಿಗೂ ಸೊನ್ನೆಯಿಂದ ಎರಡು ಪೈ ತನಕ ಇಂಟಿಗ್ರೇಷನ್?"

"ಎಲ್ಲದಕ್ಕೂ ಒಂದೇ ಪದ್ಧತಿ ಟೀಚರ್. ಮಕ್ಕಳಿಗೆ ಸುಲಭ."

"ಬೆಸದ ಗುಲಾಬಿ ಒಂದು ಪೈಗೇ ಮುಗಿಯುತ್ತದೆ ಮಾರಾಯ. ಆಮೇಲೆ ಅದೇ ದಳಗಳ ಮೇಲೆ ಮತ್ತೊಮ್ಮೆ ಓಡುತ್ತದೆ. ಸುತ್ತಲಿನ ವೃತ್ತದ ಕಾಲು ಭಾಗ ಇರಬೇಕಾದ ವಿಸ್ತೀರ್ಣವನ್ನು ಅರ್ಧ ವೃತ್ತದಷ್ಟು ಮಾಡಿದ್ದೀಯಲ್ಲ! ಮೂರು ಗೋಳಿಬಜೆ ತಿಂದು ಟೇಬಲ್ಲಿಗೆ ಒಂದು ಸುತ್ತು ಬಂದರೆ ಆರು ತಿಂದ ಹಾಗೆ ಆಗುತ್ತದಾ?"

"ಹೋದ ಸಲದ ಪರೀಕ್ಷೆಯ ಕೀ ಆನ್ಸರಿನಲ್ಲೂ ಹಾಗೇ ಇತ್ತು. ಮಾರ್ಕು ಬಂತಲ್ವಾ?"

"ಛೀ!"

ಟೀಚರ್ ನನ್ನ ಜೇಬಿನ ಪೆನ್ನು ಎಳೆದುಕೊಂಡು ಮುಖಪುಟದ ಮೇಲಿನ ತಮ್ಮ ಹೆಸರನ್ನು ಕಾಗದ ಹರಿಯುವಷ್ಟು ಗಟ್ಟಿಯಾಗಿ ಹೊಡೆದುಹಾಕಿದರು.

"ಒಂದು ಹೂವಿಗೋಸ್ಕರ ಕೆಲಸ ಬಿಡುವುದಾ ಟೀಚರ್?" ಎಂದ ಜಿತೇಂದ್ರ.

"ಹೂವಿಗಲ್ಲ. ವಾಸನೆಗೆ."

ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು. ಜಿತೇಂದ್ರ ನನ್ನ ಕಡೆ ತಿರುಗಿ, "ನೀವು ಪ್ರಿಂಟ್ ಮಾಡಿ, ಹೆಸರಿಲ್ಲದಿದ್ದರೂ ಅಡ್ಡಿಯಿಲ್ಲ," ಎಂದ. ನಾನು ತಲೆಯಾಡಿಸಿದೆ. ಆರ್ಡರ್ ಅಂದರೆ ಆರ್ಡರ್. ಅವನೆದುರು ಬೆನ್ನೆಲುಬು ಪ್ರದರ್ಶಿಸುವ ವಯಸ್ಸು ನನ್ನದಲ್ಲ.

ಟೀಚರನ್ನು ಬಸ್‌ಸ್ಟಾಪಿನಲ್ಲಿ ಹಿಡಿದೆ. ಉದ್ಯಾವರದ ಬಸ್ಸು ಬಂದಿರಲಿಲ್ಲ. ಸಮಾಧಾನದ ಮಾತು ಹೊಳೆಯದೆ, ಬಾಯಿಗೆ ಬಂದ ಪ್ರೆಸ್ಸಿನ ಚಿಂತೆಯನ್ನೇ ಕೇಳಿದೆ:

"ಟೀಚರ್, ಮುಖಪುಟದಲ್ಲಿ ನಿಮ್ಮ ಹೆಸರಿದ್ದ ಜಾಗ ಖಾಲಿ ಕಾಣುತ್ತದೆ. ಅಲ್ಲಿ ಎಂತ ಹಾಕುವುದು?"

"ನಿಮ್ಮ ಹೆಸರು ಹಾಕಿ," ಎಂದರು.