ಬೀಗರ ತಟ್ಟೆ ಮತ್ತು ಹಿತ್ತಲ ತೊಟ್ಟಿ

ಒಲೆ ಹತ್ತದೇ ಇರಬಹುದಿತ್ತು. ಹತ್ತಿದರೂ ಪಾಯಸ ಅರ್ಧ ಕುದಿಯುವಾಗ ಆರಬಹುದಿತ್ತು. ಬೀಗರು ಊಟಕ್ಕೆ ಕೂತ ಗಳಿಗೆಯಲ್ಲೇ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ದಿಕ್ಕು ಬದಲಿಸಿ ಹಿತ್ತಲಿನ ವಾಸನೆಯನ್ನು ನಡುಮನೆಗೆ ಕರೆತರಬಹುದಿತ್ತು. ಅಲ್ಲಿನ ಗ್ಯಾಸ್ ತೊಟ್ಟಿಯ ಮೇಲಿನ ಡ್ರಮ್ಮು ಉಬ್ಬಿ, ಹಾರಿ, ಐಮಂಗಲದ ಬಳಿ ಹೆದ್ದಾರಿಯ ನಡುವೆ ಇಳಿಯಬಹುದಿತ್ತು. ಇದು ಯಾರದ್ದು ಎಂದು ಪೊಲೀಸರು ಕೇಳಿದರೆ ಏನು ಹೇಳಬೇಕೆಂದು ಅಭ್ಯಾಸವನ್ನೂ ಮಾಡಿಕೊಂಡಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಚಿಂತಿಸಿದ್ದು ಆಗದೇ ಹೋದಾಗ ನನ್ನಂಥವನಿಗೆ ಆಗುವುದು ಸಮಾಧಾನವಲ್ಲ, ಒಂದು ಬಗೆಯ ಅವಮಾನ.

ಹಿರಿಯೂರಿನ ನಮ್ಮ ಹಿತ್ತಲಲ್ಲಿ, ಅಡುಗೆಮನೆಯ ಕಸದಿಂದ ಗ್ಯಾಸ್ ಮಾಡುವ ತೊಟ್ಟಿಯೊಂದನ್ನು ಇಡಿಸಿದ್ದೇನೆ. ಮೊದಲು ಸಗಣಿ ಕದಡಿ ಸುರಿದು, ಆಮೇಲೆ ದಿನಾ ಒಂದಿಷ್ಟು ಮಿಕ್ಕಿದ ಅನ್ನ, ಸಿಪ್ಪೆ ಹಾಕುತ್ತಿದ್ದರೆ ಮುಂದಿನದನ್ನು ಒಳಗಿನ ಸೂಕ್ಷ್ಮಜೀವಿಗಳು ನೋಡಿಕೊಳ್ಳುತ್ತವೆ. ಇಡಿಸುವ ಮುನ್ನ ಎಲ್ಲವನ್ನೂ ಯೋಚಿಸಿದ್ದೆ, ನಮ್ಮ ಮನೆಯಲ್ಲಿ ಏನೂ ಮಿಕ್ಕುವುದಿಲ್ಲ ಎಂಬುದೊಂದನ್ನು ಬಿಟ್ಟು. ನಮ್ಮವ್ವ ಮಠದ ದಾಸೋಹದಲ್ಲಿ ಉಂಡು ಬೆಳೆದವಳು. ಅನ್ನವೆಂದರೆ ಪ್ರಸಾದ. ಉಂಡ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿದೇ ಏಳುತ್ತಾಳೆ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ. ಹೀರೇಕಾಯಿ ಸಿಪ್ಪೆ ಚಟ್ನಿ. ಇಂಥ ಮನೆಗೆ ಕಸ ಉಣ್ಣುವ ತೊಟ್ಟಿ ತಂದವನು ನಾನು.

“ಅದ್ಕೇನು ಹಾಕ್ತೀಯಲೇ? ನನ್ನೇ ಹಾಕ್ಬಿಡು,” ಅಂದಳು ಅವ್ವ.

ಕೊನೆಗೆ ಬಕೆಟ್ಟು ಹಿಡಿದು ಪಕ್ಕದ ಮನೆಯ ತರಕಾರಿ ವ್ಯಾಪಾರಿ ರಹಮತ್ ಸಾಬರ ಬಾಗಿಲಿಗೆ ಹೋಗತೊಡಗಿದೆ.

“ಏನ್ ಸಾರ್, ನಿಮ್ಮ ತೊಟ್ಟಿ ಮಕ್ಳು ಊಟ ಮಾಡಿದ್ವಾ?”

“ಕೋಸಿನೆಲೆ ಹಿಡಿಸ್ತಿಲ್ಲ ಕಣ್ರಿ. ಯಾಕೋ ಮಂಕಾಗವೆ.”

“ಶಾದಿ ಊಟ ಬೇಕೇನೋ ಅವಕ್ಕೆ.”

ತೊಟ್ಟಿಯೊಳಗೂ ಪಂಕ್ತಿಗಳಿವೆ. ಮೊದಲ ಪಂಕ್ತಿಯ ಜೀವಿಗಳು ಅನ್ನವನ್ನು ಕರಗಿಸುತ್ತವೆ. ಅವು ಬಿಟ್ಟದ್ದನ್ನು ಎರಡನೆಯವು ಹುಳಿ ಮಾಡುತ್ತವೆ. ಆ ಹುಳಿಯನ್ನು ಕೊನೆಯವು ಉಂಡು ಗ್ಯಾಸ್ ಬಿಡುತ್ತವೆ. ಒಬ್ಬರ ಎಂಜಲು ಇನ್ನೊಬ್ಬರ ಪ್ರಸಾದ, ಅವ್ವನ ತತ್ವವೇ. ಈ ಕೊನೆಯ ಪಂಕ್ತಿಯವು ಬಲು ನಾಜೂಕು. ಗಾಳಿ ಸೋಕಿದರೆ ಆಗದು, ಚಳಿ ಆಗದು, ಹುಳಿ ಹೆಚ್ಚಾದರೆ ಮುನಿಸಿಕೊಂಡು ಕೆಲಸ ನಿಲ್ಲಿಸುತ್ತವೆ. ಇದನ್ನು ಓದಿದಾಗ ನನ್ನದೇ ಜಾತಕ ಓದಿದಂತಾಯಿತು. ಅಂದಿನಿಂದ ನಮ್ಮ ನಡುವೆ ನಂಟು ಬೆಳೆಯಿತು.

ಅಷ್ಟರಲ್ಲಿ ಮಗಳ ಸಂಬಂಧ ಕುದುರಿ, ಹೊಳಲ್ಕೆರೆಯ ಬೀಗರು ಮೊದಲ ಸಲ ಊಟಕ್ಕೆ ಬರುವುದೆಂದಾಯಿತು. ಹೆಂಡತಿ ತೀರ್ಪು ಕೊಟ್ಟಳು: “ಆವತ್ತು ಪಾಯಸ ನಿಮ್ಮ ಗ್ಯಾಸಲ್ಲೇ ಆಗ್ಲಿ. ಆಗ್ಲಿಲ್ಲ ಅನ್ರಿ, ಮಾರನೇ ದಿನ ತೊಟ್ಟಿ ಕೀಳ್ಸಿ ಅಲ್ಲಿ ಕರಿಬೇವು ಹಾಕ್ತೀನಿ.”

ಪಾಯಸ ಆಯಿತು. ನೀಲಿ ಉರಿ, ಒಂದೇ ಸಮನೆ. ತೊಟ್ಟಿ ಉಳಿಯಿತು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಅದರ ನಾಳಿನ ಊಟದ ಚಿಂತೆ ನನಗೆ. ಬೀಗರು ದೊಡ್ಡ ಮನೆಯವರು, ಒತ್ತಾಯ ಮಾಡಿ ಬಡಿಸಿದಷ್ಟೂ ತಟ್ಟೆಯಲ್ಲಿ ಬಿಡುತ್ತಾರೆಂದು ಲೆಕ್ಕ ಹಾಕಿದ್ದೆ. ಬಾಗಿಲ ಹಿಂದೆ ಬಕೆಟ್ಟು ಕಾಯುತ್ತಿತ್ತು.

“ಇನ್ನೊಂದು ಹೋಳಿಗೆ ಹಾಕಿಸ್ಕಳ್ರಿ.”

“ಸಾಕ್ರಿ, ಬೀಗ್ರೆ.”

“ಸಾಕು ಅಂದ್ರೆ ಹೆಂಗ್ರಿ? ಅನ್ನ ತಗಂಬಾರೇ ಇತ್ತ.”

ಗುಡ್ಡದಂತೆ ಅನ್ನ ಬಿತ್ತು. ಬೀಗರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಪಂಚೆ ಸಡಿಲಿಸಿಕೊಂಡರು. ಹಣೆಯಲ್ಲಿ ಬೆವರೊಡೆಯಿತು. ಒಂದಗುಳೂ ಬಿಡದೆ ಮುಗಿಸಿದರು. ಆಮೇಲೆ ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಾಡಿಸಿ, ಎತ್ತಿ ಕುಡಿದರು.

“ಸಂಬಂಧ ಅಂದ್ರೆ ಇದು ಕಣಪ್ಪ,” ಅಂದಳು ಅವ್ವ, ಕಣ್ಣು ತುಂಬಿಕೊಂಡು. ಹೆಂಡತಿ ಬಕೆಟ್ಟಿನ ಕಡೆ ನೋಡಿ ಸೆರಗು ಬಾಯಿಗಿಟ್ಟಳು.

ಬೀಗರು ಏಳಲಾರದೆ ಗೋಡೆಗೊರಗಿದರು. “ನೀವು ಬಡಿಸ್ತಾನೇ ಇದ್ರಿ. ಪ್ರಸಾದ ಬಿಡಾದು ಹೆಂಗ್ರಿ?” ಎಂದವರು, ನಡುಮನೆಯಿಂದ ಹಿತ್ತಲವರೆಗೂ ಕೇಳುವಂಥ ಒಂದು ತೇಗು ತೇಗಿದರು.

ಅನ್ನವೇನೋ ಅನಿಲವಾಗಿತ್ತು. ತೊಟ್ಟಿ ಮಾತ್ರ ಬೇರೆಯಾಗಿತ್ತು.