ಸಾಬೂದಾಣಿಯ ಉಪವಾಸ

ನನ್ನ ಬಾಯಿ ದೊಡ್ಡದು, ಮರಾಠಿ ಸಣ್ಣದು. ಗಂಡನಿಗೆ ಬ್ಯಾಂಕಿನವರು ವರ್ಗಾವಣೆ ಮಾಡಿದ್ದರಿಂದ ಕಲಬುರಗಿ ಬಿಟ್ಟು ನಾಸಿಕಕ್ಕೆ ಬಂದವಳು ನಾನು. ಎರಡು ವರ್ಷ ಮನೆಯಲ್ಲಿ ಕೂತು ತಲೆ ಕೆಟ್ಟು, ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವ ಒಂದು ಸೇವಾ ಸಂಸ್ಥೆಯಲ್ಲಿ ಮನೆಮನೆ ತಿರುಗುವ ಕೆಲಸ ಹಿಡಿದೆ.

"ನಿನ್ನ ಮರಾಠಿ ಒಂದಿನ ಯಾರದರ ಜೀವಾ ತಗೋತದ ನೋಡು," ಎಂದು ಗಂಡ ನಕ್ಕರು.

"ಶುಭ ನುಡಿಯೋ ಸೋಮಾ ಅಂದ್ರ ಗೂಬಿ ಕಾಣ್ತದ ಅಂದಂಗಾಯ್ತು," ಎಂದು ಬ್ಯಾಗು ಹೆಗಲಿಗೇರಿಸಿದೆ.

ಮೊದಲ ಊರು ಯೇವಲಾ, ಪೈಠಣಿ ಸೀರೆ ನೇಯುವವರ ಓಣಿ. ಬೆಳಿಗ್ಗೆ ಏನೂ ತಿನ್ನದೆ ಬಂದರೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತೇವೆ ಎಂದು ಹಿಂದಿನ ದಿನ ಹೇಳಿ ಬರುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಉಪವಾಸವೆಂದರೆ ಒಲೆ ಹಚ್ಚುವ ಮಾತೇ ಇಲ್ಲ. ನಮ್ಮತ್ತೆ ಸಂಜೆಯವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಅದೇ ಮಾತನ್ನು ಮರಾಠಿಗಿಳಿಸಿ, "ಉದ್ಯಾ ಉಪವಾಸ್ ಕರೂನ್ ಯಾ", ನಾಳೆ ಉಪವಾಸ ಮಾಡಿ ಬನ್ನಿ, ಎಂದು ಬಾಗಿಲು ಬಾಗಿಲಿಗೂ ಸಾರಿದೆ. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಒಬ್ಬ ಅಜ್ಜಿ ಯಾವ ದೇವರ ಉಪವಾಸವೆಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆಂದು ನಕ್ಕುಬಿಟ್ಟೆ. ಅಲ್ಲೇ ಎಚ್ಚರಾಗಬೇಕಿತ್ತು, ಆಗಲಿಲ್ಲ.

ಮರುದಿನ ಅರ್ಧ ಓಣಿಗೆ ಸಕ್ಕರೆ ಏರಿತ್ತು! ಅವರಲ್ಲಿ ಐವತ್ತರ ಆಸುಪಾಸಿನ ನೇಕಾರ ಹೆಂಗಸೊಬ್ಬಳು ನಾನು ಬರೆದುಕೊಟ್ಟ ಚೀಟಿ ಹಿಡಿದು, "ಡೋಳೇ ಜಾತೀಲ್ ಕಾ?" ಎಂದಳು. ಕಣ್ಣು ಹೋಗುತ್ತವಾ ಎಂದು. ಅವಳ ತಾಯಿಗೆ ಇದೇ ರೋಗದಿಂದ ಕಣ್ಣು ಹೋಗಿದ್ದವಂತೆ. ಕೂದಲಿಗಿಂತ ತೆಳ್ಳಗಿನ ರೇಷ್ಮೆ ಎಳೆಯಲ್ಲಿ ನವಿಲು ನೇಯುವವಳು ಅವಳು. ಪಥ್ಯ ಮಾಡಿದರೆ ಏನೂ ಆಗುವುದಿಲ್ಲ ಎಂದೆ. ಅವಳು ನಂಬಲಿಲ್ಲ.

ಎಂಟು ದಿನ ಬಿಟ್ಟು ಊಟದ ವಿವರ ಬರೆದುಕೊಳ್ಳಲು ಅವಳ ಮನೆಗೆ ಹೋದೆ. ಮಗ್ಗದ ಮುಂದೆ ಕೂತಿದ್ದಳು. ಮುಖ ಮೇಲಕ್ಕೆತ್ತಿ, ಎರಡೂ ಕಣ್ಣು ಮುಚ್ಚಿ, ಬೆರಳಲ್ಲಿ ಎಳೆ ಎಣಿಸುತ್ತಿದ್ದಳು.

"ಇದೇನ್ರಿ ಬಾಯಿ?" ಎಂದು ಅವಸರದಲ್ಲಿ ಕನ್ನಡದಲ್ಲೇ ಕೇಳಿದೆ.

ಅವಳಿಗೆ ತಿಳಿಯಿತು. ಮುಂದೆ ಬೇಕಾಗುತ್ತದಲ್ಲ, ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ ಎಂದಳು. ಸೆರಗಿನಲ್ಲಿ ಎರಡು ಬೆರಳಗಲ ಹಾಗೇ ನೇಯ್ದಿದ್ದಳು. ನವಿಲಿನ ಕುತ್ತಿಗೆ ಸೊಟ್ಟಗಾಗಿತ್ತು. ನನಗೆ ಅಳುವೇ ಬಂತು. ಅದನ್ನು ನುಂಗಿಕೊಳ್ಳಲು ಫಾರ್ಮು ತೆಗೆದು, ಪರೀಕ್ಷೆಯ ದಿನದಿಂದಲೇ ಶುರು ಮಾಡಿದೆ: ಅವತ್ತು ಬೆಳಿಗ್ಗೆ ಏನು ತಿಂದಿದ್ದಿರಿ?

"ಕಾಹೀ ನಾಹೀ. ಉಪವಾಸ್ ಹೋತಾ ನಾ!" ಏನೂ ಇಲ್ಲ, ಒಂದು ತಾಟು ಸಾಬೂದಾಣಿ, ಅಂದರೆ ಸಬ್ಬಕ್ಕಿ, ಖಿಚಡಿ, ಎರಡು ಬಾಳೆಹಣ್ಣು, ಬೆಲ್ಲದಲ್ಲಿ ಬೇಯಿಸಿದ ಗೆಣಸು ಅಷ್ಟೇ.

ಅಯ್ಯೋ ನನ್ನ ಕರ್ಮವೇ! ಏಕಾದಶಿಯೆಂದರೆ ದುಪ್ಪಟ್ಟು ತಿನ್ನುವುದು ಎಂದು ಅವರೇ ಗಾದೆ ಕಟ್ಟಿಕೊಂಡು ನಗುವ ನಾಡಿದು. ಖಾಲಿ ಹೊಟ್ಟೆಗೆ ಅವರ ಮಾತು "ಉಪಾಶೀ ಪೋಟೀ". ನಾನು ಹೇಳಿದ್ದು ಸಾಬೂದಾಣಿಯ ಉಪವಾಸ, ಅವರು ಮಾಡಿದ್ದೂ ಅದನ್ನೇ.

ನಮ್ಮ ಸಂಸ್ಥೆಯ ಡಾಕ್ಟರಮ್ಮ ಇದ್ದದ್ದು ಆಗಿನ್ನೂ ಔರಂಗಾಬಾದ್ ಅನ್ನುತ್ತಿದ್ದ ಸಂಭಾಜಿನಗರದಲ್ಲಿ, ತವರು ಬೀದರ್. ಕೆಲಸ ಹೋದರೆ ಹೋಗಲಿ ಎಂದು ಆ ಮಗ್ಗದ ಮನೆಯಿಂದಲೇ ಅವರಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು.

"ನಾ ಏನ್ ತಿಳ್ಕೊಂಡಿದ್ನಿ ಗೊತ್ತದೇನ್ರಿ? ಯೇವಲಾದಾಗ ಸಕ್ರಿ ಕಾರ್ಖಾನಿ ತೆಗದಾರ ಅಂತ! ನಾಳಿ ಮುಂಜಾನಿ ನಾನೇ ಬರ್ತೀನಿ. ಎಲ್ಲಾರ್ಗಿ ಸರಿಯಾಗಿ ಹೇಳ್ರಿ."

ಅವತ್ತು ಗಂಟಲು ಕಟ್ಟುವವರೆಗೆ ಓಣಿ ಸುತ್ತಿದೆ. ನೀರು ಬಿಟ್ಟು ಏನೂ ಇಲ್ಲ, ಚಹಾ ಇಲ್ಲ, ಸಾಬೂದಾಣಿಯಂತೂ ಇಲ್ಲವೇ ಇಲ್ಲ! ಎಂಥ ಕಟ್ಟುನಿಟ್ಟಿನ ದೇವರಪ್ಪಾ ಇದು ಎಂದು ಅದೇ ಅಜ್ಜಿ ಗೊಣಗಿದಳು.

ಬೆಳಿಗ್ಗೆ ಮೂವರಿಗೆ ಮಾತ್ರ ಸಕ್ಕರೆ ನಿಜಕ್ಕೂ ಇತ್ತು. ಅವರಿಗೆ ಡಾಕ್ಟರಮ್ಮ ಔಷಧಿ ಬರೆದರು. ನವಿಲು ನೇಯುವವಳ ಸರದಿ ಬಂದಾಗ ಅವಳ ಬೆರಳನ್ನು ನಾನೇ ಹಿಡಿದು ಚುಚ್ಚಿದೆ. ಯಂತ್ರ ಅಂಕಿ ತೋರಿಸಿತು. ಡಾಕ್ಟರಮ್ಮ ಅವಳ ಬೆನ್ನು ತಟ್ಟಿ, "ಕಾಹೀ ನಾಹೀ ಬಾಯಿ, ಏನೂ ಇಲ್ಲ," ಎಂದರು. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆ ಬಿಟ್ಟು.

ಆಮೇಲೆ ನನ್ನ ಕೈ ಹಿಡಿದು ಮಗ್ಗದ ಹತ್ತಿರ ಎಳೆದುಕೊಂಡು ಹೋದಳು. ಸೊಟ್ಟ ಕುತ್ತಿಗೆಯ ನವಿಲಿನ ಮೇಲೆ ಬೆರಳಿಟ್ಟು, "ಹಾ ತುಮ್ಚಾ ಉಪವಾಸ್," ಇದು ನಿಮ್ಮ ಉಪವಾಸ ಎಂದಳು. ಕಣ್ಣರಳಿಸಿಕೊಂಡು ಒಂದೊಂದೇ ಎಳೆ ಬಿಚ್ಚತೊಡಗಿದಳು. ಅವಳ ಸೊಸೆ ಖಿಚಡಿ ತಂದಿಟ್ಟಳು. ಬಿಚ್ಚುವುದು ಮುಗಿಯುವವರೆಗೆ ನಾನು ಅಲ್ಲೇ ಕೂತು ಎರಡು ತಾಟು ತಿಂದೆ.